ಯಾರ ದನಿ, ಯಾರ ಕಡೆಯದು: ಕಿಷ್ಕಿಂಧೆಯ ಕೋತಿಗಳ ಕಿವಿ

(ಹೊಸಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರಿನ ಕಡೆಯ ಜನರ ಮುಂದೆ ಕೋತಿಗಳ ಬಗ್ಗೆ ಮಾತಾಡುವುದು ಧೈರ್ಯದ ಕೆಲಸ. ಇಲ್ಲಿ ಕುಳಿತವರಲ್ಲಿ ಕೋತಿಗೆ ಬಾಳೆಹಣ್ಣನ್ನೋ ಕನ್ನಡಕವನ್ನೋ ಒಂದು ಮಡಿ ಸೌತೆಯನ್ನೋ ಒಪ್ಪಿಸದವರು ಇರಲಾರರು. ನಿಮಗೆಲ್ಲ ಕೋತಿಯ ಕೈ ಗೊತ್ತು. ನಾನು ಅದರ ಕಿವಿಯ ಬಗ್ಗೆ ಮಾತಾಡಲು ಬಂದಿದ್ದೇನೆ. ಒಂದು ದನಿ ಕೇಳಿದಾಗ ಅದು ತನ್ನವರದೋ ಹೊರಗಿನವರದೋ ಎಂದು ಕೋತಿ ಹೇಗೆ ತಿಳಿಯುತ್ತದೆ, ತಿಳಿದು ಏನು ಮಾಡುತ್ತದೆ ಎಂಬುದು ವಿಷಯ.

ಈ ಪ್ರಶ್ನೆ ನಮ್ಮ ನೆಲದಲ್ಲಿ ಹೊಸದಲ್ಲ. ವಾಲ್ಮೀಕಿಯ ಕಿಷ್ಕಿಂಧಾಕಾಂಡವನ್ನು ದನಿಯ ಕಾಂಡವೆಂದೇ ಓದಬಹುದು. ಋಷ್ಯಮೂಕವೆಂದು ನಮ್ಮವರು ತೋರಿಸುವ ಗುಡ್ಡದ ಬಳಿ ಹನುಮಂತ ಭಿಕ್ಷುವಿನ ವೇಷದಲ್ಲಿ ರಾಮನೆದುರು ಬರುತ್ತಾನೆ. ರಾಮ ವೇಷಕ್ಕಿಂತ ಹೆಚ್ಚಾಗಿ ಮಾತನ್ನು ಗಮನಿಸುತ್ತಾನೆ. ಉಚ್ಚಾರ ಹೇಗಿದೆ, ವ್ಯಾಕರಣ ಹೇಗಿದೆ, ದನಿ ಎದೆಯಿಂದ ಕಂಠಕ್ಕೆ ಹೇಗೆ ಏರಿ ಯಾವ ಸ್ಥಾಯಿಯಲ್ಲಿ ನಿಂತಿದೆ ಎಂದು ಲಕ್ಷ್ಮಣನಿಗೆ ಬಿಡಿಸಿ ಹೇಳುತ್ತಾನೆ. ಅಷ್ಟು ಸೂಕ್ಷ್ಮವಾದ ಕಿವಿ. ಅದೇ ರಾಮ ಕೆಲವೇ ಸರ್ಗಗಳ ನಂತರ ಬಿಲ್ಲು ಹಿಡಿದು ನಿಂತು ಸೋಲುತ್ತಾನೆ. ವಾಲಿ ಸುಗ್ರೀವರ ಕಾಳಗದಲ್ಲಿ ಯಾರು ಯಾರೆಂದು ಅವನಿಗೆ ತಿಳಿಯುವುದಿಲ್ಲ. ಪೆಟ್ಟು ತಿಂದು ಓಡಿಬಂದ ಸುಗ್ರೀವನಿಗೆ ರಾಮ ಕೊಡುವ ಸಮಜಾಯಿಷಿಯಲ್ಲಿ ಉಡುಗೆ, ಎತ್ತರ, ನಡಿಗೆ, ನೋಟಗಳ ಜೊತೆಗೆ ದನಿಯೂ ಇದೆ. ನಿಮ್ಮಿಬ್ಬರ ಸ್ವರವೂ ಒಂದೇ ಎನ್ನುತ್ತಾನೆ. ಎರಡನೇ ಸಲ ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿ ಹಾಕಿಸಿ ಕಳಿಸಬೇಕಾಯಿತು. ಆನೆಗುಂದಿಯ ಚಿಂತಾಮಣಿಯಲ್ಲಿ ನಿಂತು ರಾಮ ಬಾಣ ಬಿಟ್ಟ ಜಾಗ ಇದೇ ಎಂದು ತೋರಿಸುವವರು ಈ ಬಳ್ಳಿಯ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಇಡೀ ಪ್ರಸಂಗದಲ್ಲಿ ಅದೇ ಮುಖ್ಯ.

ಏಕೆಂದರೆ ಅಂತಃಪುರದಲ್ಲಿ ಕುಳಿತ ತಾರೆಗೆ ಆ ಕಷ್ಟವಿರಲಿಲ್ಲ. ಸುಗ್ರೀವ ಎರಡನೇ ಸಲ ಬಂದು ಗರ್ಜಿಸಿದಾಗ ಅವಳು ಗಂಡನನ್ನು ತಡೆಯುತ್ತಾಳೆ. ಕೂಗುತ್ತಿರುವವನು ಯಾರೆಂಬುದರಲ್ಲಿ ಅವಳಿಗೆ ಸಂಶಯವೇ ಇಲ್ಲ. ಈಗತಾನೆ ಸೋತು ಓಡಿದವನ ದನಿಯಲ್ಲಿ ಇಷ್ಟು ಸೊಕ್ಕು ಎಲ್ಲಿಂದ ಬಂತು, ಇವನ ಬೆನ್ನಿಗೆ ಯಾರೋ ಇದ್ದಾರೆ ಎಂಬುದು ಅವಳ ತರ್ಕ. ಅದನ್ನು ಅಂಗದ ತಂದ ಸುದ್ದಿಗೆ ಜೋಡಿಸುತ್ತಾಳೆ. ವಾಲಿ ಕೇಳಲಿಲ್ಲ, ಸತ್ತ. ಹೊರಗಿನವನಾದ ರಾಮನಿಗೆ ಎರಡೂ ವಾನರ ದನಿಗಳು ಒಂದೇ. ಒಳಗಿನವಳಾದ ತಾರೆಗೆ ಒಂದೇ ದನಿಯಲ್ಲಿ ಆಳು, ಅವನ ಮನಸ್ಥಿತಿ, ಅವನ ನಂಟು ಮೂರೂ ಕೇಳುತ್ತವೆ. ಕಳೆದ ಐವತ್ತು ವರ್ಷಗಳಲ್ಲಿ ಕೋತಿಗಳ ದನಿಯನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು ಬಂದು ನಿಂತಿರುವುದು ಸರಿಸುಮಾರು ತಾರೆಯ ಪಕ್ಕದಲ್ಲಿ.

ನಮ್ಮ ಕಡೆ ಎರಡು ಜಾತಿಯ ಕೋತಿಗಳಿವೆ. ತಲೆಯ ಮೇಲೆ ನಡುಬೈತಲೆ ತೆಗೆದಂತೆ ಕೂದಲಿರುವ ಕೆಂಚು ಮೋರೆಯ ಟೋಪಿ ಕೋತಿ ಒಂದು. ಕರಿ ಮೋರೆ, ಉದ್ದ ಬಾಲದ ಮುಸುವ ಇನ್ನೊಂದು. ಗಡಿಯ ತೆಲುಗರು ಅದನ್ನು ಕೊಂಡಮುಚ್ಚು ಎನ್ನುತ್ತಾರೆ. ಟೋಪಿ ಕೋತಿ ದಕ್ಷಿಣ ಭಾರತದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಅದರ ಗುಂಪಿನಲ್ಲಿ ಹೆಣ್ಣುಗಳು ಹುಟ್ಟಿದಲ್ಲೇ ಬಾಳಿ ಅಲ್ಲೇ ಸಾಯುತ್ತವೆ. ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಸಾಮಾನ್ಯವಾಗಿ ಬೇರೆ ಗುಂಪು ಹುಡುಕಿಕೊಂಡು ಹೋಗುತ್ತವೆ. ಅಜ್ಜಿ, ತಾಯಿ, ಚಿಕ್ಕಮ್ಮ, ಮಗಳು ಎಂಬ ಹೆಣ್ಣಿನ ಬಳ್ಳಿಯೇ ಗುಂಪಿನ ಬೆನ್ನೆಲುಬು. ಹೆಣ್ಣುಕೋತಿಯೊಂದಕ್ಕೆ ಬದುಕಿನುದ್ದಕ್ಕೂ ಕೇಳುವ ದನಿಗಳು ಬಹುಮಟ್ಟಿಗೆ ಅವೇ.

ದನಿಯ ಅಗತ್ಯ ಎಷ್ಟೆಂದು ತಿಳಿಯಲು ಹೇಮಕೂಟದ ಬಂಡೆಗಳನ್ನು ನೋಡಿದರೆ ಸಾಕು. ಗುಂಪು ಚದುರಿ ಮೇಯುವಾಗ ಒಂದು ಬಂಡೆಯ ಆಚೆ, ಇನ್ನೊಂದು ಮಂಟಪದ ಮೇಲೆ, ಮತ್ತೊಂದು ಆಲದ ಕೊಂಬೆಯೊಳಗೆ. ಕಮಲಾಪುರದ ಬಾಳೆತೋಟದೊಳಗೆ ಹೊಕ್ಕರಂತೂ ಮಾರು ದೂರದ್ದು ಕಾಣುವುದಿಲ್ಲ. ಆಗ ಅವು ‘ಕೂ’ ಎಂದು ಮೆದುವಾಗಿ ಎಳೆದು ಕೂಗುತ್ತವೆ. ಇನ್ನೊಂದು ಉತ್ತರಿಸುತ್ತದೆ. ಕಾಣದವರ ಜೊತೆ ಸಂಬಂಧ ಉಳಿಸಿಕೊಳ್ಳುವ ದಾರಿ ಇದು. ಮುಸುವಗಳದು ಬೇರೆ ಬಗೆ. ಬೆಳಗಿನ ಹೊತ್ತು ಗುಂಪಿನ ಗಂಡು ಹೂಂಕರಿಸಿದಂತೆ ದೊಡ್ಡ ದನಿಯಲ್ಲಿ ಕೂಗಿದರೆ ಕಣಿವೆಯಾಚೆಯ ಗುಂಪಿನ ಗಂಡು ಮರುಕೂಗು ಹಾಕುತ್ತದೆ. ಸಂಡೂರಿನ ಕಾಡಿನ ಅಂಚಿನಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಇದೆಲ್ಲ ಕೇಳಿದ ಮಾತ್ರಕ್ಕೆ ಕೋತಿ ದನಿಯಿಂದ ಆಳನ್ನು ಗುರುತಿಸುತ್ತದೆ ಎಂದು ಹೇಳಲು ಬರುವುದಿಲ್ಲ. ಕೋತಿಯನ್ನು ಕೇಳಬೇಕು. ಕೇಳುವ ಉಪಾಯವನ್ನು ಮೊದಲು ಕೈಗೆತ್ತಿಕೊಂಡವನು ಅಮೆರಿಕದ ರಿಚರ್ಡ್ ಗಾರ್ನರ್. ಎಡಿಸನ್ನನ ಫೋನೋಗ್ರಾಫ್ ಹೊಸದಾಗಿದ್ದ ಕಾಲದಲ್ಲಿ, 1890ರ ಸುಮಾರಿಗೆ, ಮೃಗಾಲಯದ ಕೋತಿಗಳ ದನಿಯನ್ನು ಮೇಣದ ಸಿಲಿಂಡರಿನಲ್ಲಿ ಹಿಡಿದು ಇನ್ನೊಂದು ಪಂಜರದ ಕೋತಿಗೆ ಕೇಳಿಸಿದ. ಕೋತಿಗಳ ಭಾಷೆಯನ್ನೇ ಕಲಿಯುತ್ತೇನೆಂದು ಹೊರಟ ಅವನ ಬರವಣಿಗೆಯಲ್ಲಿ ಉತ್ಪ್ರೇಕ್ಷೆ ಧಾರಾಳವಾಗಿದೆ. ಆದರೆ ಉಪಾಯ ಗಟ್ಟಿಯಾದದ್ದು. ಮೂಲ ಪ್ರಾಣಿಯನ್ನು ಬದಿಗಿಟ್ಟು ದನಿಯನ್ನು ಮಾತ್ರ ಕೇಳಿಸು, ಕೇಳಿದವನು ಏನು ಮಾಡುತ್ತಾನೆ ನೋಡು.

ಅದನ್ನು ಕಾಡಿನಲ್ಲಿ ಕಟ್ಟುನಿಟ್ಟಾಗಿ ಮಾಡಿ ತೋರಿಸಿದವರು ಡೊರೊಥಿ ಚೆನಿ ಮತ್ತು ರಾಬರ್ಟ್ ಸೇಫಾರ್ತ್ ದಂಪತಿ. ಜಾಗ ಕೆನ್ಯಾದ ಅಂಬೊಸೆಲಿ, ಪ್ರಾಣಿ ವರ್ವೆಟ್ ಎಂಬ ಸಣ್ಣ ಕೋತಿ. 1980ರಲ್ಲಿ ಪ್ರಕಟವಾದ ಅವರ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗುಂಪಿನ ಮರಿಯೊಂದು ಆಟದಲ್ಲಿ ಚೀರಿದ್ದನ್ನು ರೆಕಾರ್ಡ್ ಮಾಡಿಟ್ಟುಕೊಂಡರು. ಮರಿ ಕಣ್ಣಿಗೆ ಕಾಣದಿರುವ ಹೊತ್ತು ನೋಡಿ, ಪೊದೆಯಲ್ಲಿ ಬಚ್ಚಿಟ್ಟ ಸ್ಪೀಕರಿನಿಂದ ಆ ಚೀರಾಟ ಕೇಳಿಸಿದರು. ಆಗ ಅಲ್ಲಿ ಆ ಮರಿಯ ತಾಯಿ ಮತ್ತು ಮರಿಗಳಿರುವ ಇನ್ನಿಬ್ಬರು ತಾಯಂದಿರು ಕುಳಿತಿರುವಂತೆ ನೋಡಿಕೊಂಡಿದ್ದರು. ತಾಯಿ ಉಳಿದವರಿಗಿಂತ ಬೇಗ, ಹೆಚ್ಚು ಹೊತ್ತು ಸ್ಪೀಕರಿನ ಕಡೆ ನೋಡಿತು, ಕೆಲವು ಸಲ ಅತ್ತ ಹೆಜ್ಜೆಯನ್ನೂ ಹಾಕಿತು. ಮಗುವಿನ ದನಿ ತಾಯಿಗೆ ಗೊತ್ತು. ಇಷ್ಟನ್ನು ಯಾವ ಕುರಿ ಕಾಯುವವನೂ ಹೇಳಿಯಾನು.

ಪ್ರಯೋಗದ ನಿಜವಾದ ಫಲ ಇನ್ನಿಬ್ಬರು ತಾಯಂದಿರ ಕಡೆಯಿಂದ ಬಂತು. ಅವು ಸ್ಪೀಕರಿನ ಕಡೆ ನೋಡುವ ಬದಲು ಆ ಮರಿಯ ತಾಯಿಯ ಕಡೆ ತಿರುಗಿ ನೋಡಿದವು. ಎಷ್ಟೋ ಸಲ ತಾಯಿ ಅಲುಗಾಡುವ ಮೊದಲೇ ನೋಡಿದವು. ಹಾಗಾದರೆ ಅವುಗಳ ತಲೆಯಲ್ಲಿ ಎರಡು ಸಂಗತಿಗಳಿರಬೇಕು. ಇದು ಇಂಥ ಮರಿಯ ದನಿ ಎಂಬುದು ಒಂದು, ಆ ಮರಿ ಇಂಥವಳದು ಎಂಬುದು ಇನ್ನೊಂದು. ನಮ್ಮ ಓಣಿಯಲ್ಲಿ ಮಗು ಬಿದ್ದು ಅತ್ತರೆ ನೆರೆಯವರು ಕಟ್ಟೆಯ ಮೇಲೆ ಕುಳಿತ ಅದರ ತಾಯಿಯ ಮುಖ ನೋಡುವ ಹಾಗೆ. ದನಿಯ ಗುರುತು ಎಂದರೆ ಹೆಸರಿನ ಪಟ್ಟಿಯಷ್ಟೇ ಅಲ್ಲ, ಅದು ನಂಟಿನ ನಕ್ಷೆ ಎಂದು ನಾನು ಹೇಳುವುದು ಈ ಆಧಾರದ ಮೇಲೆ.

ಆ ನಕ್ಷೆಯಲ್ಲಿ ನೆಲವೂ ಸೇರಿದೆ. 1982ರಲ್ಲಿ ಅದೇ ದಂಪತಿ ನೆರೆಗುಂಪಿನ ಕೋತಿಗಳ ದನಿಯನ್ನು ಕೇಳಿಸಿದರು. ನೆರೆಯವನ ದನಿ ಅವನ ನೆಲದ ಕಡೆಯಿಂದ ಬಂದಾಗ ಗುಂಪು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಅದೇ ದನಿ ಇನ್ನೊಂದು ಗುಂಪಿನ ನೆಲದ ದಿಕ್ಕಿನಿಂದ ಬಂದಾಗ ಹೆಚ್ಚು ಎಚ್ಚರವಾಯಿತು. ಅಂದರೆ ಪರಿಚಿತ, ಅಪರಿಚಿತ ಎಂಬ ಎರಡೇ ಡಬ್ಬಿಗಳಿಲ್ಲ. ಮನೆಯವನು, ನೆರೆಯವನು, ಇರಬೇಕಾದಲ್ಲಿ ಇಲ್ಲದ ನೆರೆಯವನು, ಪೂರ್ತಿ ಹೊರಗಿನವನು ಎಂಬ ಮೆಟ್ಟಿಲುಗಳಿವೆ. ಇರಬೇಕಾದಲ್ಲಿ ಇಲ್ಲದ ನೆರೆಯವನ ಬಗ್ಗೆ ಅನುಮಾನ ಪಡುವುದರಲ್ಲಿ ಕೋತಿಗೂ ನಮಗೂ ವ್ಯತ್ಯಾಸ ಕಡಿಮೆ.

1988ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೇರೆ ಗುಂಪು ಬಂತು ಎಂದು ಎಚ್ಚರಿಸುವ ಒಂದೇ ಕೋತಿಯ ಕೂಗನ್ನು, ಯಾವ ಗುಂಪೂ ಬಾರದಿದ್ದಾಗ, ಮತ್ತೆ ಮತ್ತೆ ಕೇಳಿಸಿದರು. ಕೇಳುವ ಕೋತಿ ಕ್ರಮೇಣ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟಿತು. ಆಮೇಲೆ ಅದೇ ಅರ್ಥದ, ಆದರೆ ಕಿವಿಗೆ ಬೇರೆಯೇ ಆಗಿ ಕೇಳುವ ಇನ್ನೊಂದು ಕೂಗನ್ನು ಅದೇ ಕೋತಿಯ ದನಿಯಲ್ಲಿ ಕೇಳಿಸಿದರು. ಅದನ್ನೂ ನಂಬಲಿಲ್ಲ. ಬೇರೆ ಕೋತಿಯ ದನಿಯಲ್ಲಿ ಕೇಳಿಸಿದಾಗ ನಂಬಿತು. ಹುಲಿ ಬಂತು ಹುಲಿ ಎಂದು ಕೂಗಿದ ಹುಡುಗನ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಕೋತಿಗಳು ಅದನ್ನು ಬದುಕುತ್ತವೆ. ಅವು ಕೂಗನ್ನು ತೂಗುವ ಮೊದಲು ಕೂಗಿದವನನ್ನು ತೂಗುತ್ತವೆ.

ಇನ್ನೊಂದು ಪ್ರಯೋಗ ನಡೆದದ್ದು ದೂರದ ಪೋರ್ಟೊ ರಿಕೊದಲ್ಲಿ, ಆದರೆ ಪಾತ್ರಧಾರಿಗಳು ನಮ್ಮ ದೇಶದ ವಂಶದವು. 1938ರಲ್ಲಿ ಕ್ಲಾರೆನ್ಸ್ ರೇ ಕಾರ್ಪೆಂಟರ್ ಎಂಬ ವಿಜ್ಞಾನಿ ಉತ್ತರ ಭಾರತದ 409 ರೀಸಸ್ ಕೋತಿಗಳನ್ನು ಹಡಗಿನಲ್ಲಿ ಒಯ್ದು ಕಾಯೊ ಸ್ಯಾಂಟಿಯಾಗೊ ಎಂಬ ಪುಟ್ಟ ದ್ವೀಪದಲ್ಲಿ ಬಿಟ್ಟ. (ನಮ್ಮ ಸರ್ಕಾರ ಕೋತಿಗಳ ರಫ್ತನ್ನು ನಿಲ್ಲಿಸಿದ್ದು 1978ರಲ್ಲಿ, ಅಷ್ಟರೊಳಗೆ ಲೆಕ್ಕವಿಲ್ಲದಷ್ಟು ಹೋಗಿದ್ದವು.) ಆ ದ್ವೀಪದಲ್ಲಿ ಯಾವುದು ಯಾವುದರ ಮಗಳು, ಮೊಮ್ಮಗಳು ಎಂಬ ವಂಶಾವಳಿಯನ್ನು ದಶಕಗಳಿಂದ ಬರೆದಿಟ್ಟಿದ್ದಾರೆ. ಡ್ರೂ ರೆಂಡಲ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅಲ್ಲಿನ ಹೆಣ್ಣುಗಳಿಗೆ ‘ಕೂ’ ದನಿಗಳನ್ನು ಕೇಳಿಸಿದರು. ತಮ್ಮ ರಕ್ತಸಂಬಂಧಿಯ ಕೂಗಿಗೆ ಅವು ಬೇಗ ತಿರುಗಿದವು, ಹೆಚ್ಚು ಹೊತ್ತು ನೋಡಿದವು. ಒಬ್ಬಳ ದನಿಯನ್ನೇ ಕೇಳಿಸಿ ಕೇಳಿಸಿ ಬೇಸರ ಹುಟ್ಟಿಸಿದ ಮೇಲೆ ಇನ್ನೊಬ್ಬಳ ದನಿ ಹಾಕಿದರೆ ಮತ್ತೆ ಕಿವಿ ನಿಮಿರಿತು.

ಅದೇ ತಂಡ ಕಂಡುಕೊಂಡ ಇನ್ನೊಂದು ಸಂಗತಿ ನನ್ನ ಮಟ್ಟಿಗೆ ರಾಮನ ಸೋಲಿಗೆ ಅರ್ಧ ವಿವರಣೆ. ಎಲ್ಲ ಕೂಗುಗಳಲ್ಲೂ ಆಳಿನ ಗುರುತು ಸಮವಾಗಿ ಇರುವುದಿಲ್ಲ. ದನಿ ಹುಟ್ಟುವುದು ಧ್ವನಿಪೆಟ್ಟಿಗೆಯ ತಂತುಗಳ ಕಂಪನದಲ್ಲಿ. ಅದಕ್ಕೆ ಆಳಿನ ಗುರುತು ಅಂಟುವುದು ಹೆಚ್ಚಾಗಿ ಮೇಲೆ, ಗಂಟಲು, ಬಾಯಿ, ಮೂಗಿನ ಪೊಳ್ಳಿನಲ್ಲಿ. ಆ ಪೊಳ್ಳಿನ ಉದ್ದ, ಆಕಾರಕ್ಕೆ ತಕ್ಕಂತೆ ಕೆಲವು ಕಂಪನಗಳು ಮೊಳಗುತ್ತವೆ, ಕೆಲವು ಅಡಗುತ್ತವೆ. ರೀಸಸ್ ಕೋತಿಗಳಲ್ಲಿ ಮೈ ದೊಡ್ಡದಾದಷ್ಟೂ ಈ ಪೊಳ್ಳು ಉದ್ದ, ಮೊಳಗುವ ಕಂಪನಗಳ ನಡುವಿನ ಅಂತರ ಕಿರಿದು ಎಂದು ಟೆಕುಮ್ಸೆ ಫಿಚ್ 1997ರಲ್ಲಿ ಅಳೆದು ತೋರಿಸಿದ. ‘ಕೂ’ ಎಂಬ ಎಳೆದ ದನಿಯಲ್ಲಿ ಈ ಅಚ್ಚು ಸ್ಪಷ್ಟವಾಗಿ ಮೂಡುತ್ತದೆ. ಚೀರಾಟದಲ್ಲಿ ದನಿ ಒಡೆದು ಗದ್ದಲವಾಗುವುದರಿಂದ ಅಚ್ಚು ಮಸುಕಾಗುತ್ತದೆ. ರೆಂಡಲ್ ತಂಡದ ಪರೀಕ್ಷೆಯಲ್ಲಿ ರೀಸಸ್ ಕೋತಿಗಳು ‘ಕೂ’ಗಳಿಂದ ಆಳನ್ನು ಬೇರ್ಪಡಿಸಿದವು, ಚೀರಾಟಗಳಿಂದ ಬೇರ್ಪಡಿಸಲಿಲ್ಲ. ವರ್ವೆಟ್ ತಾಯಂದಿರು ಚೀರಾಟದಿಂದಲೇ ಮರಿಯನ್ನು ಗುರುತಿಸಿದ್ದವಲ್ಲ ಎಂದು ನೀವು ಕೇಳಬಹುದು. ಜಾತಿ ಬೇರೆ, ಚೀರಾಟದ ಬಗೆ ಬೇರೆ, ಅಲ್ಲಿ ತಾಯಿಗೆ ಸಂದರ್ಭದ ಸುಳಿವೂ ಇತ್ತು. ಈ ತಕರಾರು ವಿಜ್ಞಾನಿಗಳ ನಡುವೆಯೂ ನಡೆದಿದೆ.

ಇತ್ತ ರಾಮನ ಕಡೆ ಬನ್ನಿ. ಹನುಮಂತನ ದನಿಯನ್ನು ಅವನು ಕೇಳಿದ್ದು ಸಾವಧಾನದ ಸಂಭಾಷಣೆಯಲ್ಲಿ. ವಾಲಿ ಸುಗ್ರೀವರ ದನಿಯನ್ನು ಕೇಳಿದ್ದು ಮುಷ್ಟಿಯುದ್ಧದ ಅಬ್ಬರದಲ್ಲಿ. ಗುರುತು ಅತ್ಯಂತ ಕಡಿಮೆ ಇರುವ ಬಗೆಯ ಕೂಗು ಅದು. ಮೇಲಾಗಿ ಇಬ್ಬರೂ ಅಣ್ಣತಮ್ಮಂದಿರು, ಮೈಕಟ್ಟು ಒಂದೇ, ಪೊಳ್ಳಿನ ಅಳತೆಯೂ ಹತ್ತಿರ ಹತ್ತಿರ. ಬಳ್ಳಿ ಕಟ್ಟಿಸಿದ್ದು ಬುದ್ಧಿವಂತಿಕೆ.

ಮಿದುಳಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಕ್ರಿಸ್ ಪೆಟ್ಕೊವ್ ಮತ್ತು ಸಂಗಡಿಗರು 2008ರಲ್ಲಿ ಎಂಆರ್‌ಐ ಯಂತ್ರದಿಂದ ನೋಡಿದಾಗ, ರೀಸಸ್ ಕೋತಿಯ ಮಿದುಳಿನ ಕಪೋಲಪಾಳಿಯ ಮುಂಭಾಗದಲ್ಲಿ ಸ್ವಜಾತಿಯ ದನಿಗೆ ಹೆಚ್ಚು ಸ್ಪಂದಿಸುವ ಒಂದು ಪ್ರದೇಶ ಕಂಡಿತು. ಕೂಗಿನ ಬಗೆ ಒಂದೇ ಇದ್ದು ಕೂಗಿದವನು ಬದಲಾದರೆ ಅದಕ್ಕೆ ತಿಳಿಯುತ್ತದೆ. ಮನುಷ್ಯರಲ್ಲಿ ಇಂಥ ಪ್ರದೇಶಗಳು 2000ರಲ್ಲೇ ಗೊತ್ತಾಗಿದ್ದವು. ಮಾತು ಹುಟ್ಟುವುದಕ್ಕಿಂತ ಬಹಳ ಹಿಂದೆ, ನಮ್ಮ ಮತ್ತು ಕೋತಿಗಳ ಸಮಾನ ಪೂರ್ವಜರ ಕಾಲದಲ್ಲೇ, ದನಿಯಲ್ಲಿ ಆಳನ್ನು ಹುಡುಕುವ ಕೆಲಸಕ್ಕೆ ಮಿದುಳು ಜಾಗ ಬಿಟ್ಟುಕೊಟ್ಟಿತ್ತು ಎಂದು ಊಹಿಸಲು ಇದು ಸಾಕಷ್ಟು ಆಧಾರ. ಮರಿ ಇದನ್ನು ಹುಟ್ಟಿದ ಕೂಡಲೇ ಮಾಡುವುದಿಲ್ಲ. ಬಾರ್ಬರಿ ಕೋತಿಯ ಮರಿಗಳು ತಾಯಿಯ ದನಿಯನ್ನು ಬೇರ್ಪಡಿಸಿ ಗುರುತಿಸಲು ಸುಮಾರು 10 ವಾರ ಬೇಕಾಗುತ್ತದೆ ಎಂದು ಯೂಲಿಯಾ ಫಿಶರ್ 2004ರಲ್ಲಿ ವರದಿ ಮಾಡಿದರು. ಮೈಗಂಟಿಕೊಂಡಿರುವ ಮರಿಗೆ ದನಿಯ ಗರಜು ಕಡಿಮೆ. ಬಿಟ್ಟು ಓಡಾಡತೊಡಗಿದ ಮೇಲೆ ಬೇಕೇ ಬೇಕು.

ಈಗ ನಮ್ಮ ನಾಡು. ಹೊರಗಿನವನ ದನಿಗೆ ಕೋತಿಗಳೇಕೆ ಅಷ್ಟು ಬೆಚ್ಚಬೇಕು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿಂದ ದೂರವೇನೂ ಅಲ್ಲದ ಧಾರವಾಡದಲ್ಲಿ. 1961ರಿಂದ 1963ರವರೆಗೆ ಜಪಾನಿನ ಯುಕಿಮಾರು ಸುಗಿಯಾಮಾ ಧಾರವಾಡದ ಸುತ್ತಲಿನ ಕಾಡು, ಹೊಲಗಳಲ್ಲಿ ಮುಸುವಗಳನ್ನು ಹಿಂಬಾಲಿಸಿದ. ಹೊರಗಿನ ಗಂಡುಗಳ ತಂಡವೊಂದು ಗುಂಪಿನ ಮೇಲೆ ಬಿದ್ದು, ಇದ್ದ ಗಂಡನ್ನು ಓಡಿಸಿ, ಅವುಗಳಲ್ಲೊಂದು ಯಜಮಾನಿಕೆ ಹಿಡಿದ ಮೇಲೆ ಗುಂಪಿನ ಹಾಲುಗೂಸುಗಳು ಒಂದೊಂದಾಗಿ ಕಚ್ಚಿಸಿಕೊಂಡು ಸತ್ತದ್ದನ್ನು ದಾಖಲಿಸಿದ. 1965ರಲ್ಲಿ ಅದು ಪ್ರಕಟವಾದಾಗ ನಂಬದವರೇ ಹೆಚ್ಚು. ರೋಗಿಷ್ಠ ವರ್ತನೆ, ದಟ್ಟಣೆಯ ಫಲ ಎಂದೆಲ್ಲ ವಾದ ಹೂಡಿದರು. ಮುಂದೆ ಸಿಂಹ, ಗೊರಿಲ್ಲಾ, ಎಷ್ಟೋ ಪ್ರಾಣಿಗಳಲ್ಲಿ ಅದೇ ಕಂಡಾಗ ಧಾರವಾಡದ ಹೆಸರು ಪಠ್ಯಪುಸ್ತಕಗಳಲ್ಲಿ ನಿಂತಿತು. ಹಾಲೂಡುವ ಮುಸುವದ ತಾಯಿಗೆ ಕಣಿವೆಯಿಂದ ಬಂದ ಕೂಗು ಯಾರದು ಎಂಬುದು ಕುತೂಹಲದ ಪ್ರಶ್ನೆಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಟೋಪಿ ಕೋತಿಯ ಕಿವಿಯನ್ನು ದಕ್ಷಿಣ ಭಾರತದ ಕಾಡುಗಳಲ್ಲಿ ಪರೀಕ್ಷಿಸಿದವರು ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್. ಅಪಾಯದ ಕೂಗುಗಳನ್ನು ಕೇಳಿಸಿದ ಅವರ ಎರಡು ಲೇಖನಗಳು 2000ದಲ್ಲಿ ಬಂದವು. ತಮ್ಮ ಜಾತಿಯ ಕೂಗಿಗೆ ಮಾತ್ರವಲ್ಲ, ಮುಸುವದ ಮತ್ತು ಕಡವೆಯ ಎಚ್ಚರಿಕೆಯ ಕೂಗಿಗೂ ಟೋಪಿ ಕೋತಿಗಳು ಮರದ ಕಡೆ ಓಡಿದವು. ಚಿರತೆ ಎಲ್ಲರಿಗೂ ಒಂದೇ ತಾನೆ. ದರೋಜಿಯ ಕರಡಿಧಾಮದಿಂದ ಆನೆಗುಂದಿಯ ಗುಡ್ಡಗಳವರೆಗೆ ಚಿರತೆ ಓಡಾಡುವ ಈ ಸೀಮೆಯಲ್ಲಿ ಪಕ್ಕದ ಜಾತಿಯ ದನಿ ಕಲಿಯದ ಕೋತಿಗೆ ಆಯುಸ್ಸು ಕಡಿಮೆ. ಎರಡನೇ ಲೇಖನದ್ದು ಇನ್ನೂ ಸೊಗಸು. ಕೂಗಿದ್ದು ದೊಡ್ಡದೋ ಮರಿಯೋ ಎಂಬುದನ್ನು ಕೇಳುವವು ಗಮನಿಸಿದವು. ಮರಿಗಳ ಕೂಗನ್ನು ದೊಡ್ಡವು ಅಷ್ಟಾಗಿ ನೆಚ್ಚಲಿಲ್ಲ. ಅನುಭವವಿಲ್ಲದವರು ಗಾಳಿಗೆ ಅಲುಗಿದ ಎಲೆಗೂ ಕೂಗುತ್ತಾರೆಂದು ಹಿರಿಯರಿಗೆ ಗೊತ್ತು.

ಇನ್ನು ಮನುಷ್ಯರ ದನಿ. ಹಂಪಿಯ ಕೋತಿಗಳಿಗೆ ದಿನವಿಡೀ ಕಿವಿಗೆ ಬೀಳುವುದು ಅದೇ. ವಿರೂಪಾಕ್ಷನ ಗೋಪುರದಡಿ ದೇಶದ ಎಲ್ಲ ಭಾಷೆಗಳೂ ಕೇಳುತ್ತವೆ, ಅಂಜನಾದ್ರಿಯ 575 ಮೆಟ್ಟಿಲುಗಳುದ್ದಕ್ಕೂ ಜೈಕಾರ. ಇವುಗಳ ನಡುವೆ ತಮಗೆ ದಿನಾ ಕಡಲೆ ಹಾಕುವ ಅಜ್ಜಿಯ ದನಿಯನ್ನು ಕೋತಿ ಗುರುತಿಸೀತೇ? ಪ್ರಯೋಗಶಾಲೆಯ ಉತ್ತರ ಹೌದೆಂದೇ ಹೇಳುತ್ತದೆ. ಫ್ರಾನ್ಸಿನಲ್ಲಿ ಜೂಲಿಯಾ ಸ್ಲಿವಾ ಮತ್ತು ಸಂಗಡಿಗರು 2011ರಲ್ಲಿ ರೀಸಸ್ ಕೋತಿಗಳಿಗೆ ಒಂದು ದನಿ ಕೇಳಿಸಿ ಎರಡು ಮುಖಗಳನ್ನು ತೋರಿಸಿದರು. ಯಾವ ತರಬೇತಿಯೂ ಇಲ್ಲದೆ ಅವು ದನಿಗೆ ಹೊಂದುವ ಮುಖದ ಕಡೆ ಹೆಚ್ಚು ನೋಡಿದವು. ಪರಿಚಿತ ಕೋತಿಗಳ ವಿಷಯದಲ್ಲಿ ಹಾಗೆಯೇ, ಪರಿಚಿತ ಮನುಷ್ಯರ ವಿಷಯದಲ್ಲೂ ಹಾಗೆಯೇ. ಅಟ್ಲಾಂಟಾ ಮೃಗಾಲಯದ ಗೊರಿಲ್ಲಾಗಳು (ಅವು ಏಪ್‌ಗಳು, ಕೋತಿಗಳಲ್ಲ) ತಮ್ಮನ್ನು ಸಾಕುವವರ ದನಿಗೂ ಅಪರಿಚಿತರ ದನಿಗೂ ಬೇರೆ ಬೇರೆಯಾಗಿ ವರ್ತಿಸಿದವು. ಹಿಂದೆ ಸೂಜಿ ಚುಚ್ಚಿದಂಥ ಕಹಿ ಅನುಭವ ಕೊಟ್ಟವರ ದನಿಗೆ ಅವುಗಳ ವರ್ತನೆ ಇನ್ನೂ ಬೇರೆ. ಅಂಬೊಸೆಲಿಯ ಆನೆಗಳು ತಮ್ಮನ್ನು ಭರ್ಜಿಯಿಂದ ಇರಿಯುವ ಮಸಾಯಿ ಗಂಡಸರ ಮಾತಿಗೆ ಹೆದರಿ ಗುಂಪುಗೂಡಿದವು, ಬೇಸಾಯಗಾರರಾದ ಕಂಬಾ ಜನರ ಮಾತಿಗೆ ಅಷ್ಟು ಹೆದರಲಿಲ್ಲ ಎಂದು ಕರೆನ್ ಮೆಕೋಂಬ್ 2014ರಲ್ಲಿ ತೋರಿಸಿದರು.

ಅಷ್ಟೇ ಅಲ್ಲ, ನಮ್ಮ ಟೋಪಿ ಕೋತಿ ತಾನೇ ನಮ್ಮೊಡನೆ ಮಾತಿಗಿಳಿದಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ, ಅದ್ವೈತ್ ದೇಶಪಾಂಡೆ ಮತ್ತು ಸಂಗಡಿಗರು ಬಂಡೀಪುರದಲ್ಲಿ ನೋಡಿ 2018ರಲ್ಲಿ ಪ್ರಕಟಿಸಿದ ಸಂಗತಿ ಇದು: ಅಲ್ಲಿನ ಕೆಲವು ಕೋತಿಗಳು ತಿಂಡಿ ಹಿಡಿದ ಪ್ರವಾಸಿಗಳ ಎದುರು ಕುಳಿತು, ಕೈ ಚಾಚಿ, ತಮ್ಮತಮ್ಮಲ್ಲಿ ಬಳಸುವ ಅದೇ ‘ಕೂ’ ದನಿಯನ್ನು ಮನುಷ್ಯನ ಕಡೆ ತಿರುಗಿಸುತ್ತವೆ. ಎದುರಿನವರ ಗಮನ ತಮ್ಮ ಮೇಲಿದೆಯೇ ಎಂದು ನೋಡುತ್ತವೆ. ತಿಂಡಿ ಸಿಕ್ಕ ಮೇಲೆ ನಿಲ್ಲಿಸುತ್ತವೆ. ಬಂಡೆಯಾಚೆಯ ತಂಗಿಯನ್ನು ಕರೆಯಲು ಇದ್ದ ದನಿ ಇಂದು ಬಿಸ್ಕತ್ ಪೊಟ್ಟಣ ಹಿಡಿದ ಅಪರಿಚಿತನನ್ನು ಕರೆಯುತ್ತಿದೆ. ಇದನ್ನು ಕಂಡು ಮುದ್ದು ಉಕ್ಕುವವರಿಗೆ ನಾನು ಹೇಳುವುದು: ದಯವಿಟ್ಟು ಉತ್ತರ ಕೊಡಬೇಡಿ. ಕೊಟ್ಟಷ್ಟೂ ಕೋತಿ ಊರಿಗೆ ಹತ್ತಿರ, ಕೋಲಿಗೂ ಹತ್ತಿರ.

ಕೋಲಿನ ಮಾತು ಬಂತು. ಬಾಳೆ, ಕಬ್ಬು, ತರಕಾರಿ ಬೆಳೆಯುವ ನಮ್ಮ ರೈತರಿಗೆ ಕೋತಿ ಸಂಶೋಧನೆಯ ವಸ್ತುವಲ್ಲ. ಪಟಾಕಿ ಆಯಿತು, ಕನ್ನಡಿ ಆಯಿತು, ಈಗ ಮೊಬೈಲಿನಿಂದ ಹುಲಿಯ ಗರ್ಜನೆಯನ್ನು ಸ್ಪೀಕರಿಗೆ ಹಾಕುತ್ತಾರೆ. ಕಂಪ್ಲಿ ಕಡೆಯ ರೈತರೊಬ್ಬರು ನನಗೆ ಹೇಳಿದ್ದು: “ಒಂದ್ ವಾರ ಹೆದರಿದ್ವು ಸರ್, ಆಮ್ಯಾಲೆ ಆ ಡಬ್ಬಿ ಮ್ಯಾಲೆನೇ ಬಂದ್ ಕುಂತ್ವು.” 1988ರ ವರ್ವೆಟ್ ಪ್ರಯೋಗ ಇದಕ್ಕಿಂತ ಸ್ಪಷ್ಟವಾಗಿ ಏನನ್ನೂ ಹೇಳಿಲ್ಲ. ಒಂದೇ ಗರ್ಜನೆ, ಒಂದೇ ಜಾಗ, ಒಂದೇ ಹೊತ್ತು, ಹಿಂದೆ ಹುಲಿ ಬರುವುದಿಲ್ಲ. ಸುಳ್ಳುಗಾರ ಯಾರೆಂದು ಕೋತಿ ಗುರುತು ಹಾಕಿಕೊಳ್ಳುತ್ತದೆ. ದೆಹಲಿಯಲ್ಲಿ ಬೇರೊಂದು ದಾರಿ ಹಿಡಿದರು. ಸಾಕಿದ ಮುಸುವಗಳನ್ನು ಬಳಸುವುದಕ್ಕೆ ಕಾನೂನು ಅಡ್ಡ ಬಂದ ಮೇಲೆ, ಸಂಸತ್ತಿನ ಸುತ್ತ ಕೋತಿ ಓಡಿಸಲು ಮುಸುವದ ದನಿ ಅನುಕರಿಸುವ ಸುಮಾರು 40 ಯುವಕರನ್ನು ನೇಮಿಸಲಾಗಿದೆ ಎಂದು 2014ರಲ್ಲಿ ಸಚಿವರೇ ಸದನಕ್ಕೆ ತಿಳಿಸಿದರು. ನಕ್ಕರೂ ಅದರಲ್ಲಿ ಒಂದು ತಥ್ಯವಿದೆ. ಕೂಗುವ ಮನುಷ್ಯ ನಡೆಯುತ್ತಾನೆ, ಜಾಗ ಬದಲಿಸುತ್ತಾನೆ, ಕೋಲೆತ್ತುತ್ತಾನೆ. ದನಿಯ ಹಿಂದೆ ಒಂದು ಮೈ ಇದೆ. ತೋಟ ಕಾಯಲು ಆಳು ಸಿಗದ ಕಾಲದಲ್ಲಿ ಈ ಮಾತು ರೈತನಿಗೆ ಸಮಾಧಾನ ಕೊಡದೆಂದು ಬಲ್ಲೆ. ಆದರೂ ಸ್ಪೀಕರಿಗೆ ದುಡ್ಡು ಹಾಕುವವರು ಕನಿಷ್ಠ ದನಿ, ಜಾಗ, ಹೊತ್ತುಗಳನ್ನು ಬದಲಿಸುತ್ತಿರಬೇಕು, ಕೋತಿ ನಿಜವಾಗಿ ಬಂದಾಗ ಮಾತ್ರ ಹಾಕಬೇಕು.

ಇಲ್ಲಿನ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಕೆಲಸ ಸೂಚಿಸುತ್ತೇನೆ. ಕಂಪ್ಲಿ ರಸ್ತೆಯ ಮಾಲ್ಯವಂತ ಗುಡ್ಡದಲ್ಲಿ ಒಂದು ಗುಂಪು, ಕಮಲಾಪುರದ ತೋಟದ ಅಂಚಿನಲ್ಲಿ ಒಂದು ಗುಂಪು ಆಯ್ದುಕೊಳ್ಳಿ. ಮೊದಲ ಕೆಲವು ತಿಂಗಳು ಸ್ಪೀಕರ್ ಮುಟ್ಟಬೇಡಿ. ಕಿವಿಯ ಹರಕು, ಬಾಲದ ಮೊಂಡು, ಮೊಲೆತೊಟ್ಟು ನೋಡಿ ಒಂದೊಂದನ್ನೂ ಗುರುತಿಸಲು ಕಲಿಯಿರಿ. ‘ಕೂ’ ದನಿಯನ್ನು ಒಳ್ಳೆಯ ಮೈಕಿನಿಂದ ಹಿಡಿಯಿರಿ. ವಾಟ್ಸಾಪಿನಲ್ಲಿ ಕಳಿಸಿ ಹಿಂಡಿಹೋದ ಫೈಲು ಕೆಲಸಕ್ಕೆ ಬರುವುದಿಲ್ಲ, ನಾನು ಹೇಳಿದ ಆ ಗಂಟಲಿನ ಅಚ್ಚು ಅದರಲ್ಲಿ ಕೆಟ್ಟಿರುತ್ತದೆ. ಕೇಳಿಸುವಾಗ ಆ ದನಿಯ ಒಡತಿ ಕಣ್ಮರೆಯಲ್ಲಿರಬೇಕು, ಸ್ಪೀಕರ್ ಅವಳು ಇದ್ದಿರಬಹುದಾದ ದಿಕ್ಕಿನಲ್ಲೇ ಇರಬೇಕು, ದನಿಯ ಮಟ್ಟ ಸಹಜವಾಗಿರಬೇಕು. ತನ್ನ ಗುಂಪಿನ ದನಿ, ದೂರದ ಗುಂಪಿನ ದನಿ, ಯಾವುದಾದರೂ ಹಕ್ಕಿಯ ದನಿ ಮೂರನ್ನೂ ಬೇರೆ ಬೇರೆ ದಿನ ಕೇಳಿಸಿ. ತಿರುಗಿ ನೋಡಿದ ಹೊತ್ತನ್ನು ವಿಡಿಯೊದಿಂದ ಅಳೆಯುವವನಿಗೆ ಯಾವ ದನಿ ಹಾಕಿತ್ತೆಂದು ಹೇಳಬೇಡಿ. ಬಂಡೆಗಳ ನಡುವೆ ದನಿ ಮಾರ್ದನಿಸಿ ದಿಕ್ಕು ತಪ್ಪಿಸುತ್ತದೆ. ಹಂಪಿಗೇ ವಿಶೇಷವಾದ ತೊಡಕು ಅದು, ಅದನ್ನೇ ಒಂದು ಪ್ರಶ್ನೆಯಾಗಿ ಮಾಡಿಕೊಳ್ಳಬಹುದು. ಅರಣ್ಯ ಇಲಾಖೆಯ, ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಇದಾವುದನ್ನೂ ಮಾಡಬೇಡಿ. ಹಾಲೂಡುವ ತಾಯಿಗೆ ಅವಳ ಮರಿಯ ಚೀರಾಟವನ್ನು ಮೋಜಿಗೆ ಕೇಳಿಸುವುದು ಪ್ರಯೋಗವಲ್ಲ, ಹಿಂಸೆ.

ಕೊನೆಗೆ ಬೋನಿನ ವಿಷಯ. ಊರಿನಲ್ಲಿ ಹಾವಳಿ ಹೆಚ್ಚಿದಾಗ ಕೋತಿ ಹಿಡಿಸಿ ದೂರದ ಗುಡ್ಡಕ್ಕೋ ಕಾಡಿಗೋ ಬಿಟ್ಟು ಬರುವುದು ನಮ್ಮಲ್ಲಿ ರೂಢಿ. ಸಿಕ್ಕಷ್ಟನ್ನು ತುಂಬುತ್ತಾರೆ. ಇವತ್ತು ತಾಯಿ, ನಾಳೆ ಮಗಳು, ನಾಡಿದ್ದು ಬೇರೆ ಗುಂಪಿನ ಮೂರು. ಬಿಟ್ಟ ಜಾಗದಲ್ಲಿ ಮೊದಲೇ ಇರುವ ಗುಂಪಿಗೆ ಇವೆಲ್ಲ ಹೊರಗಿನ ದನಿಗಳು; ಇವಕ್ಕೂ ಅಲ್ಲಿ ಒಂದೂ ತಿಳಿದ ದನಿ ಇಲ್ಲ. ಗಂಡುಗಳಿಗಾದರೆ ಹೊಸ ಗುಂಪು ಸೇರುವುದು ಅವುಗಳ ಬದುಕಿನ ಭಾಗ. ಹುಟ್ಟಿದ ಬಳ್ಳಿಯನ್ನು ಎಂದೂ ಬಿಡದ ಹೆಣ್ಣಿಗೆ ಕರೆದರೆ ಓಗೊಡುವವರೇ ಇಲ್ಲದಂತಾಗುತ್ತದೆ. ಇತ್ತ ಉಳಿದ ಅರೆಗುಂಪು ಊರಲ್ಲೇ ಇದ್ದು ಮತ್ತೆ ಬೆಳೆಯುತ್ತದೆ. ಮೈಸೂರು ಸೀಮೆಯ ರಸ್ತೆಗಳಲ್ಲಿ ಟೋಪಿ ಕೋತಿಗಳನ್ನು ದೀರ್ಘಕಾಲ ಎಣಿಸಿದ ಮೇವಾ ಸಿಂಗ್ ಮತ್ತು ಸಂಗಡಿಗರ 2017ರ ಲೇಖನದ ಪ್ರಕಾರ 25 ವರ್ಷಗಳಲ್ಲಿ ಅಲ್ಲಿನ ಸಂಖ್ಯೆ ಶೇ. 65ಕ್ಕಿಂತ ಹೆಚ್ಚು ಕುಸಿದಿದೆ. ರಸ್ತೆ ಅಗಲಿಸಲು ಆಲ, ಅತ್ತಿ ಮರಗಳನ್ನು ಕಡಿದದ್ದು ಒಂದು ಕಾರಣ, ಹಿಡಿದು ಸಾಗಿಸಿದ್ದು ಇನ್ನೊಂದು. ಎಲ್ಲೆಲ್ಲೂ ಕೋತಿಯೇ ಎನ್ನುವ ನಮ್ಮ ದೂರು ಮತ್ತು ಈ ಕುಸಿತ ಎರಡೂ ಒಟ್ಟಿಗೇ ನಿಜ.

ಹಿಡಿಯಲೇಬೇಕಾದ ಸಂದರ್ಭ ಬರಬಹುದು. ವೃಂದಾವನದಲ್ಲಿ 1997ರಲ್ಲಿ ಇಕ್ಬಾಲ್ ಮಲಿಕ್ ಮತ್ತು ಸಂಗಡಿಗರು 12 ಗುಂಪುಗಳ 600 ರೀಸಸ್ ಕೋತಿಗಳನ್ನು ಸ್ಥಳಾಂತರಿಸಿದಾಗ ಗುಂಪನ್ನು ಗುಂಪಾಗಿಯೇ ಹಿಡಿದು ಗುಂಪಾಗಿಯೇ ಬಿಟ್ಟರು. ನಂತರ ನೋಡಿದಾಗ ಅವು ಅಲ್ಲಿ ನೆಲೆ ನಿಂತಿದ್ದವು. ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ ಮುಂದಿನ ಸಲ ಬೋನು ಬರುವ ಮೊದಲು ಅದು ಯಾವ ಗುಂಪಿಗೆ, ಆ ಗುಂಪಿನಲ್ಲಿ ಹೆಣ್ಣೆಷ್ಟು, ಹಾಲೂಡುವವು ಎಷ್ಟು, ರಾತ್ರಿ ಯಾವ ಮರದಲ್ಲಿ ಮಲಗುತ್ತದೆ ಎಂಬ ಪಟ್ಟಿ ಇರಬೇಕು. ಪಟ್ಟಿ ಪೂರ್ತಿಯಾಗುವವರೆಗೆ ಲಾರಿ ಹೊರಡಬಾರದು. ಆ ಪಟ್ಟಿ ಬರೆಯಲು ವಿಜ್ಞಾನಿ ಬೇಕಿಲ್ಲ, ಬೆಳಿಗ್ಗೆ ಸಂಜೆ ಎರಡು ವಾರ ಕೂತು ನೋಡುವ ನಾಲ್ಕು ಹುಡುಗ ಹುಡುಗಿಯರು ಸಾಕು. ಅಂಥವರು ಈ ಸಭೆಯ ಹಿಂದಿನ ಸಾಲುಗಳಲ್ಲಿ ಇದ್ದಾರೆಂದು ನಂಬಿದ್ದೇನೆ. ಪ್ರಶ್ನೆಗಳಿಗೆ ಇನ್ನೂ ಹೊತ್ತಿದೆಯೆಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ, ಬಾಳೆತೋಟದವರಿಂದಲೇ ಶುರುವಾಗಲಿ.